ಅತ್ತೆಯ ಮೆತ್ತೆ

ಹೊಂಬಣ್ಣದ ಮುಳ್ಳು ಹೊದ್ದ ಗುಂಡನೆಯ ಕಳ್ಳಿಯನ್ನು ನರ್ಸರಿಗಳಲ್ಲಿ ನೀವು ನೋಡಿರುತ್ತೀರಿ. ಗೋಲ್ಡನ್ ಬ್ಯಾರೆಲ್ ಎನ್ನುತ್ತಾರೆ. ಇಂಗ್ಲಿಷಿನವರು ಅದಕ್ಕೆ ಇಟ್ಟಿರುವ ಅಡ್ಡಹೆಸರು ಮಾತ್ರ ‘ಅತ್ತೆಯ ಮೆತ್ತೆ’. ಅತ್ತೆ ಜೊತೆಗೇ ಇರುವ ನಮ್ಮ ಮನೆಯಲ್ಲಿ ಆ ಹೆಸರನ್ನು ಎತ್ತುವಂತಿರಲಿಲ್ಲ. ಗುಟ್ಟು ಗೊತ್ತಿದ್ದದ್ದು ನನಗೆ ಮತ್ತು ನಾಲ್ಕನೆಯ ತರಗತಿಯ ಮಗನಿಗೆ.

ಗಿಡವನ್ನೇ ಕೊಂಡಿದ್ದರೆ ಕೆಲಸ ಮುಗಿಯುತ್ತಿತ್ತು. ಜಿಪುಣತನವೋ ಜಂಬವೋ, ಇಪ್ಪತ್ತು ಬೀಜ ತರಿಸಿದೆ. ಸಾಸಿವೆಯಷ್ಟೇ ಸಣ್ಣವು, ಕಡುಗಂದು, ಮಿರಮಿರನೆ ಹೊಳೆಯುವಂಥವು. ಹತ್ತನ್ನು ಅವರೆಕಾಳು ಊರಿದಂತೆ ಊರಿ, ದಿನಾ ನೀರು ಹಾಕಿದೆ. ಹನ್ನೆರಡನೆಯ ದಿನ ಕೆಂಪು ಕಾಂಡದ, ದಪ್ಪ ಎಲೆಯ ಸಸಿಗಳು ಎದ್ದವು. ಎಲೆ ಹಿಚುಕಿದರೆ ನೀರು, ಕಳ್ಳಿಯಲ್ಲದೆ ಇನ್ನೇನು? ಫೋಟೊ ತೆಗೆದು ತವರಿನವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ತಿಂಗಳ ಬಳಿಕ ಒಂದು ಬೆಳಿಗ್ಗೆ ನೋಡಿದರೆ ಕುಂಡ ಬೋಳು. ಮಧ್ಯಾಹ್ನ ಅನ್ನಕ್ಕೆ ಹುಳಿ ಬಡಿಸುತ್ತಾ ಅತ್ತೆ, “ಗೋಣಿಸೊಪ್ಪು ಎಳೆಯದಾಗಿತ್ತು. ಇನ್ನೆರಡು ಕುಂಡಕ್ಕೆ ಹಾಕು” ಎಂದರು. ನಾನು ಎರಡು ಸಲ ಬಡಿಸಿಕೊಂಡು ತಿಂದೆ.

ಈ ಬೀಜಕ್ಕೆ ಬೆಳಕು ಬೇಕು, ಊರದೆ ಮೇಲೆ ಉದುರಿಸಬೇಕು, ಮಣ್ಣಿನ ಕಳೆಬೀಜ, ಬೂಸ್ಟು ಸಾಯಲು ಅದನ್ನು ಹಬೆಯಲ್ಲಿ ಬೇಯಿಸಬೇಕು ಎಂದು ಓದಿದ್ದು ಆಮೇಲೆ. ಮರಳು ಬೆರೆಸಿದ ಮಣ್ಣನ್ನು ಹಳೆಯ ಕುಕ್ಕರಿನಲ್ಲಿಟ್ಟೆ. ಮೂರನೆಯ ಸೀಟಿಗೆ ಅತ್ತೆ ಮೂಗರಳಿಸುತ್ತಾ ಬಂದು, “ಏನು ಬೇಯುತ್ತಿದೆ?” ಎಂದರು.

“ಮಣ್ಣು.”

ಅವರು ಮಾತಾಡಲಿಲ್ಲ. ಹೊರಗೆ ಹೋಗಿ, ಕಚೇರಿಯಲ್ಲಿದ್ದ ತಮ್ಮ ಮಗನಿಗೆ ಫೋನ್ ಮಾಡಿದರು.

ಆರಿದ ಮಣ್ಣನ್ನು ಸಿಹಿತಿಂಡಿಯ ಪಾರದರ್ಶಕ ಡಬ್ಬಿಗೆ ತುಂಬಿ, ಉಳಿದ ಹತ್ತು ಬೀಜ ಉದುರಿಸಿ ಮುಚ್ಚಳ ಹಾಕಿದೆ. ಎರಡು ವಾರದಲ್ಲಿ ಏಳು ಹಸಿರು ಗುಂಡುಗಳು! ತಿಂಗಳು ಕಳೆದ ಮೇಲೆ ಭೂತಗನ್ನಡಿ ಹಿಡಿದರೆ, ಒಂದೊಂದರ ನೆತ್ತಿಯಲ್ಲೂ ಹಸುಗೂಸಿನ ಜುಟ್ಟಿನಂಥ ಬಿಳಿ ಮುಳ್ಳು. ಅತ್ತೆಯೂ ಕನ್ನಡಿ ಇಸಿದುಕೊಂಡು ನೋಡಿ, ಇವುಗಳ ಊರು ಯಾವುದೆಂದು ಕೇಳಿದರು. ಮೆಕ್ಸಿಕೋ ಎಂದೆ. 1990ರ ದಶಕದಲ್ಲಿ ಅಲ್ಲಿ ಸಿಮಾಪಾನ್ ಅಣೆಕಟ್ಟು ಕಟ್ಟಿದಾಗ ಇವು ಬೆಳೆಯುತ್ತಿದ್ದ ಕಣಿವೆ ಮುಳುಗಿತೆಂದೂ, ನರ್ಸರಿಗಳಲ್ಲಿ ರಾಶಿ ಬಿದ್ದಿದ್ದರೂ ಕಾಡಿನಲ್ಲಿ ಅಳಿವಿನಂಚಿಗೆ ಬಂದಿವೆಯೆಂದೂ ಹೇಳಿದೆ. ಅತ್ತೆಯ ತವರು ಇರುವುದು ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿ.

“ಪಾಪ, ಇವೂ ಮುಳುಗಡೆಯವು” ಎನ್ನುತ್ತಾ ಡಬ್ಬಿಯನ್ನು ಸುಡುಬಿಸಿಲಿನಿಂದ ಈಚೆ ಸರಿಸಿದರು.

ಆಗ ಮಗ ಕಿರುಚಿದ: “ಅಜ್ಜಿ, ಇದರ ಹೆಸರು ಅತ್ತೆಯ ಮೆತ್ತೆ!”

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದೂ ಕೇಳಿಸಿತು. ಅತ್ತೆ ನಿಧಾನವಾಗಿ ಕನ್ನಡಿ ಕೆಳಗಿಟ್ಟರು.

“ಕೂರುವಷ್ಟು ದೊಡ್ಡದಾಗಲು ಎಷ್ಟು ದಿನ ಬೇಕು?”

“ಹಳದಿ ಹೂ ಬಿಡುವ ಹೊತ್ತಿಗೇ ಹತ್ತಿರ ಹತ್ತಿರ ಇಪ್ಪತ್ತು ವರ್ಷವಂತೆ, ಅತ್ತೆ.”

ಅವರು ಮೊಮ್ಮಗನ ತಲೆ ಸವರಿ ಹೇಳಿದರು: “ಚೆನ್ನಾಗಿ ಬೆಳೆಸಮ್ಮ. ಅಷ್ಟರಲ್ಲಿ ನಿನ್ನ ಸೊಸೆ ಬಂದಿರುತ್ತಾಳೆ.”