ಹಳೆ ಜೀಪಿಗೆ ದೊಡ್ಡ ಇಂಜಿನ್: ಬ್ರೇಕ್ ಬಗ್ಗೆ ಸ್ಪಷ್ಟನೆ

"ವಿಲ್ಲೀಸ್ ಜೀಪು ಸೈನ್ಯಕ್ಕೆ ಮಾಡಿದ್ದು, ಎಷ್ಟೇ ದೊಡ್ಡ ಇಂಜಿನ್ ಕೂರಿಸಿದರೂ ಮೂಲ ಬ್ರೇಕೇ ಸಾಕು" ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು, ದಯವಿಟ್ಟು ನಂಬಬೇಡಿ.

1941ರಿಂದ 1945ರವರೆಗೆ ತಯಾರಾದ ಈ ಸೈನ್ಯದ ಜೀಪಿನ (ವಿಲ್ಲೀಸ್ ಎಂಬಿ) ಇಂಜಿನ್ 60 ಅಶ್ವಶಕ್ತಿಯದು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ದೊಡ್ಡ ಇಂಜಿನ್‌ನಿಂದ ವೇಗ ಗಂಟೆಗೆ 60ರಿಂದ 90 ಕಿ.ಮೀ.ಗೆ ಏರಿದರೆ ಬ್ರೇಕ್ ತಡೆಯಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, 2.25 ಪಟ್ಟಾಗುತ್ತದೆ. ಅದೆಲ್ಲ ಶಾಖವಾಗುತ್ತದೆ. ಡ್ರಮ್ ಕಾದು ಹಿಗ್ಗುತ್ತದೆ, ಪೆಡಲ್ ಕೆಳಗಿಳಿಯುತ್ತದೆ, ಹಿಡಿತ ತಪ್ಪುತ್ತದೆ. ನನಗೆ ಇನ್ನೂ ಭಯವಾಗುವುದು ಬೇರೆ ವಿಷಯಕ್ಕೆ. ಈ ಜೀಪಿನ ಬ್ರೇಕ್ ಆಯಿಲ್‌ಗೆ ಒಂದೇ ಸರ್ಕ್ಯೂಟ್, ಅಂದರೆ ನಾಲ್ಕೂ ಚಕ್ರಕ್ಕೆ ಆಯಿಲ್ ಹರಿಯುವ ದಾರಿ ಒಂದೇ. ಒಂದು ಕಡೆ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ!

ಇಂಜಿನ್ ಬದಲಿಸುವ ಮೊದಲೇ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಜೊತೆಗೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ) ಹಾಕಿಸಿ.