ಕಿಕ್ಕರ್ ಎಲ್ಲಪ್ಪ?

ಮೊನ್ನೆ ಶನಿವಾರ ನಾನು ಜೀವನದ ಮೊದಲ ಬೈಕು ಕೊಂಡೆ. ಮುಂಗಡ ಕಟ್ಟಿದ ಹಣ ನನ್ನದು, ಸಾಲದ ಕಾಗದಗಳ ಮೇಲಿನ ಸಹಿಗಳು ನನ್ನವು, ನೋಂದಣಿಯಾಗಿರುವುದೂ ನನ್ನ ಹೆಸರಿಗೆ. ಆದರೂ ನಾನು ಮೊದಲ ಸಲ ಅದರ ಸೀಟಿನ ಮೇಲೆ ಕುಳಿತಾಗ ಮೀಟರಿನಲ್ಲಿ ಆಗಲೇ ಹದಿನಾಲ್ಕು ಕಿಲೋಮೀಟರ್ ಓಡಿತ್ತು; ಬೆಲೆಚೀಟಿಯನ್ನೂ ಕೀಳದ ಹೊಸ ಹೆಲ್ಮೆಟ್ಟಿನೊಳಗೆ ನಶ್ಯದ ಘಾಟು ತುಂಬಿತ್ತು. ಇವತ್ತು ಬೆಳಿಗ್ಗೆಯೂ ರಿಂಗ್ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತು ಮೂರು ಸಲ ಸೀನಿದೆ. ಮುಖದ ಮುಂದೆ ಗಾಜು ಇಳಿಬಿಟ್ಟ ಹೆಲ್ಮೆಟ್ಟಿನೊಳಗೆ ಸೀನುವುದು ಎಂಥ ಅನುಭವವೆಂಬುದನ್ನು ಊಟದ ಹೊತ್ತಿನಲ್ಲಿ ಓದುತ್ತಿರುವವರ ದೃಷ್ಟಿಯಿಂದ ವಿವರಿಸದೆ ಬಿಡುತ್ತೇನೆ.

ನನಗೆ ಬೈಕು ಬೇಕೆನಿಸಿದ್ದಕ್ಕೆ ಶೋಕಿ ಕಾರಣವಲ್ಲ. ನಾನು ಪಾಠ ಮಾಡುವ ಕಾಲೇಜು ಶ್ರೀರಂಗಪಟ್ಟಣದಾಚೆಗಿದೆ. ಹತ್ತು ವರ್ಷ ಓಡಿಸಿದ ಸ್ಕೂಟರಿನ ಹಿಂದಿನ ಚಕ್ರ ಹತ್ತೇ ಇಂಚಿನದು. ಅದು ಗುಂಡಿಯನ್ನು ದಾಟುತ್ತಿರಲಿಲ್ಲ, ಒಳಗಿಳಿದು ನೋಡಿಕೊಂಡು ಬರುತ್ತಿತ್ತು. ಹದಿನೆಂಟು ಇಂಚಿನ ಚಕ್ರವಾದರೆ ಅಂಥ ಗುಂಡಿಯ ಮೇಲೆ ಉರುಳಿಹೋಗುತ್ತದೆಂದು ಸೊಂಟದ ಡಾಕ್ಟರಿಗಿಂತ ಮೊದಲು ಪಂಕ್ಚರ್ ಅಂಗಡಿಯವನು ಹೇಳಿದ. ನನ್ನ ಬಳಿ ಇದ್ದದ್ದು ಗೇರಿಲ್ಲದ ಗಾಡಿಯ ಲೈಸೆನ್ಸ್. ಆದ್ದರಿಂದ ಮತ್ತೊಮ್ಮೆ ಎಲ್‌ಎಲ್‌ಆರ್ ಮಾಡಿಸಿ, ಮೂವತ್ತು ದಿನ ಕಾದು, ನನ್ನ ವಿದ್ಯಾರ್ಥಿಗಳ ವಯಸ್ಸಿನ ಹುಡುಗರ ಸಾಲಿನಲ್ಲಿ ನಿಂತು ನೆಲದ ಮೇಲೆ ಎಂಟು ಬರೆದು ಬಂದೆ.

ಮೊದಲ ಶೋರೂಮಿಗೆ ಒಬ್ಬಳೇ ಹೋಗಿದ್ದೆ. ಬಾಗಿಲು ದಾಟುವಷ್ಟರಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗನೊಬ್ಬ ಬಹಳ ವಿನಯದಿಂದ, "ಮೇಡಂ, ಸ್ಕೂಟರ್‌ಗಳೆಲ್ಲ ಆ ಕಡೆ ಇವೆ" ಎಂದ. ಬೈಕು ನೋಡಬೇಕು ಎಂದೆ. "ಸಾರ್ ಬರ್ತಾರಾ ಮೇಡಂ?" ಎಂದ. ಯಾವ ಸಾರ್ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡನೆಯ ಶೋರೂಮಿನಲ್ಲೂ ಇದೇ ಸಂಭಾಷಣೆ ಅಕ್ಷರ ಬದಲಾಗದೆ ನಡೆದಾಗ, ಎಲ್ಲರೂ ಕೇಳುತ್ತಿರುವ ಆ ಸಾರ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದೇ ವಾಸಿ ಎಂದು ಸೋದರಮಾವನಿಗೆ ಫೋನ್ ಮಾಡಿದೆ. ಈ ಲೇಖನದಲ್ಲಿ ನಾನು ಒಪ್ಪಿಕೊಳ್ಳಬೇಕಾದ ತಪ್ಪೇನಾದರೂ ಇದ್ದರೆ ಅದು ಆ ಫೋನ್ ಕರೆ.

ಮಾವನಿಗೆ ಅರವತ್ತೇಳು ವರ್ಷ. ಮೈಸೂರಿನ ಯಾದವಗಿರಿಯಲ್ಲಿದ್ದ ಜಾವಾ ಬೈಕಿನ ಕಾರ್ಖಾನೆಯಲ್ಲಿ ಇಂಜಿನ್ ಜೋಡಿಸುವ ವಿಭಾಗದಲ್ಲಿ ಕೆಲಸ ಮಾಡಿದವರು. 1960ರಲ್ಲಿ ಹುಟ್ಟಿದ ಆ ಕಾರ್ಖಾನೆಯ ಗಾಡಿಗಳು 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದರೂ ಮಾವನ ಬಾಯಲ್ಲಿ ಅದು ಕೊನೆಯವರೆಗೂ ಜಾವಾ ಫ್ಯಾಕ್ಟ್ರಿಯೇ. ಪ್ರಪಂಚದಲ್ಲಿ ಎರಡು ಬಗೆಯ ಬೈಕುಗಳಿವೆ, ಅವರು ಜೋಡಿಸಿದ್ದು ಮತ್ತು ಉಳಿದದ್ದು, ಎಂಬ ನಂಬಿಕೆಯೊಂದಿಗೆ ಅವರು ನನ್ನ ಹಿಂದೆ ಐದು ಶೋರೂಮುಗಳನ್ನು ಹತ್ತಿ ಇಳಿದರು. ಹೋದಲ್ಲೆಲ್ಲ ಅವರು ಕೇಳಿದ್ದು ಒಂದೇ ಪ್ರಶ್ನೆ. ಬೆಲೆಯಲ್ಲ, ಮೈಲೇಜ್ ಅಲ್ಲ. ಕೈ ಹಿಂದೆ ಕಟ್ಟಿಕೊಂಡು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ನಿಂತು, "ಕಿಕ್ಕರ್ ಎಲ್ಲಪ್ಪ?" ಎನ್ನುತ್ತಿದ್ದರು.

ಈಗಿನ ಬಹಳಷ್ಟು ದೊಡ್ಡ ಗಾಡಿಗಳಿಗೆ ಕಾಲಿನಿಂದ ಒದ್ದು ಸ್ಟಾರ್ಟ್ ಮಾಡುವ ಕಿಕ್ಕರ್ ಇಲ್ಲ. ಗುಂಡಿ ಒತ್ತಿದರೆ ಹೊರಡುತ್ತವೆ. ಸೇಲ್ಸ್ ಹುಡುಗ ಇದನ್ನು ಗಾಡಿಯ ಹೆಚ್ಚುಗಾರಿಕೆಯೆಂಬಂತೆ ಹೇಳುತ್ತಿದ್ದ. ಮಾವ ಅದನ್ನು ಅಂಗವೈಕಲ್ಯವೆಂಬಂತೆ ಕೇಳಿಸಿಕೊಳ್ಳುತ್ತಿದ್ದರು.

"ಬ್ಯಾಟ್ರಿ ಹೋದ್ರೆ ಏನ್ ಮಾಡ್ತೀಯಪ್ಪ?"

"ಹೋಗಲ್ಲ ಅಂಕಲ್."

"ಹೋದ್ರೆ?"

"ನಮಗೆ ಫೋನ್ ಮಾಡಿದ್ರೆ ಮೆಕ್ಯಾನಿಕ್ಕೇ ಅಲ್ಲಿಗೆ ಬರ್ತಾರೆ ಅಂಕಲ್."

"ಫೋನಿನ ಬ್ಯಾಟ್ರಿನೂ ಹೋಗಿದ್ರೆ?"

ಈ ಪ್ರಶ್ನೋತ್ತರ ನಡೆಯುವಾಗ ನಾನು ಸೀಟಿನ ಎತ್ತರ ಕೇಳುತ್ತಿದ್ದೆ. ನನ್ನ ಎತ್ತರ ಐದಡಿ ಒಂದಿಂಚು. ಬೈಕು ಆರಿಸುವಾಗ ನನಗೆ ಮುಖ್ಯವಾದ ಅಂಕಿ ಅದೊಂದೇ. ನಾನು ಕೇಳಿದ ಪ್ರಶ್ನೆಗೆ ಹುಡುಗ ಮಾವನ ಮುಖ ನೋಡಿ ಉತ್ತರ ಕೊಡುತ್ತಿದ್ದ. ಮಾವ ಆ ಉತ್ತರವನ್ನು ನನಗೆ ದಾಟಿಸದೆ ತಮ್ಮಲ್ಲೇ ಇಟ್ಟುಕೊಳ್ಳುತ್ತಿದ್ದರು.

ಅಕ್ಕನ ಮಗನ ಸಲಹೆಯಂತೆ ರಾಯಲ್ ಎನ್‌ಫೀಲ್ಡಿನ 350 ಸಿಸಿಯ ಕ್ಲಾಸಿಕ್ ಒಂದರ ಮೇಲೆ ಕುಳಿತೂ ನೋಡಿದೆ. ತೂಕ 195 ಕೆಜಿ, ಅಂದರೆ ಎರಡು ಕ್ವಿಂಟಾಲಿಗೆ ಐದೇ ಕೆಜಿ ಕಡಿಮೆ. ಸೀಟು 805 ಮಿಲಿಮೀಟರ್ ಎತ್ತರ, ಸಾಲದ್ದಕ್ಕೆ ಅಗಲ. ತೊಡೆಗಳು ಎರಡು ಕಡೆ ಚಾಚಿಕೊಂಡ ಮೇಲೆ ಕಾಲಿನಲ್ಲಿ ನೆಲಕ್ಕೆಂದು ಉಳಿಯುವುದೇ ಸ್ವಲ್ಪ. ಎರಡೂ ಕಾಲುಗಳ ಹೆಬ್ಬೆರಳುಗಳು ನೆಲವನ್ನು ಮುಟ್ಟಿದವೆಂದು ಹೇಳಬಹುದು, ಊರಿದವೆಂದು ಹೇಳಲಾಗದು. "ಹೈವೇಗೆ ಈ ಪವರ್ ಬೇಕು ಚಿಕ್ಕಮ್ಮ" ಎಂದು ಅವನು ಹೇಳಿಕೊಟ್ಟಿದ್ದ. 2023ರ ಆಗಸ್ಟ್ ಒಂದರಿಂದ ಬೆಂಗಳೂರು ಹೆದ್ದಾರಿಯ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ನನ್ನ ಪಾಲಿಗೆ ಇರುವುದು ಪಕ್ಕದ ಸರ್ವಿಸ್ ರಸ್ತೆ. ಅಲ್ಲಿ ಎದುರುದಿಕ್ಕಿನಿಂದ ಕಬ್ಬಿನ ಟ್ರ್ಯಾಕ್ಟರು ಬಂದಾಗ ಬೇಕಾಗುವುದು ಪವರ್ ಅಲ್ಲ, ತಕ್ಷಣ ನೆಲಕ್ಕೆ ಊರಲು ಒಂದು ಕಾಲು.

ಮೂರನೆಯ ಭಾನುವಾರ ಮಾವ ತಾವಾಗಿಯೇ ನನ್ನನ್ನು ಹೊರಡಿಸಿದರು. ಅಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. 2018ರಲ್ಲಿ ಹೊಸದಾಗಿ ಹುಟ್ಟಿಬಂದು ಈಗ ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುವ ಜಾವಾವನ್ನು ನೋಡುವುದು ಅವರ ಉದ್ದೇಶವಾಗಿತ್ತು. ಒಳಗೆ ಹೋದವರು ಪ್ರದಕ್ಷಿಣೆ ಹಾಕಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ. ನೇರವಾಗಿ ಗಾಡಿಯ ಎಡಗಡೆಗೆ ಹೋಗಿ, ಹ್ಯಾಂಡಲ್ ಹಿಡಿದು, ಎಡಗಾಲಿನ ಚಪ್ಪಲಿ ಬಿಟ್ಟು, ಬರಿಗಾಲಿನಿಂದ ಗೇರ್ ಲಿವರನ್ನು ಹಿಂದಕ್ಕೆ ತಿರುಗಿಸತೊಡಗಿದರು.

ಹುಡುಗ ಓಡಿಬಂದ. "ಅಂಕಲ್, ಅಂಕಲ್, ಅದು ಗೇರು!"

"ಗೊತ್ತು ಕಣಪ್ಪ. ಗೇರೂ ಅದೇ, ಕಿಕ್ಕರೂ ಅದೇ" ಎಂದು ಮಾವ ಇನ್ನಷ್ಟು ಬಲವಾಗಿ ಒತ್ತಿದರು.

ಮಾವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಳೆಯ ಜಾವಾ, ಯೆಜ್ಡಿಗಳಲ್ಲಿ ಗೇರ್ ಹಾಕುವ ಲಿವರನ್ನೇ ತಿರುಗಿಸಿ ಮೇಲಕ್ಕೆತ್ತಿ ನಿಲ್ಲಿಸಿದರೆ ಅದೇ ಕಿಕ್ಕರ್ ಆಗುತ್ತಿತ್ತು. ಆದರೆ 1996ರಲ್ಲಿ ಕಾರ್ಖಾನೆ ಮುಚ್ಚಿದ ಎಷ್ಟೋ ವರ್ಷಗಳ ನಂತರ ಹುಟ್ಟಿದ ಆ ಹುಡುಗನಿಗೆ ಕಂಡದ್ದು ಇಷ್ಟೇ: ಹಿರಿಯರೊಬ್ಬರು ಚಪ್ಪಲಿ ಬಿಟ್ಟು ಎರಡು ಲಕ್ಷದ ಗಾಡಿಯ ಗೇರನ್ನು ಮುರಿಯುತ್ತಿದ್ದಾರೆ. ಅವನು ನನ್ನ ಕಡೆ ತಿರುಗಿ, "ಮೇಡಂ, ನೀವಾದ್ರೂ ಸ್ವಲ್ಪ ಹೇಳಿ" ಎಂದ. ಐದು ಶೋರೂಮುಗಳಲ್ಲಿ ಯಾರಾದರೂ ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. ಮ್ಯಾನೇಜರು ಬಂದರು, ಪಕ್ಕದ ಬೈಕಿನ ಗಿರಾಕಿಗಳು ಬಂದರು, ನೆಲ ಒರೆಸುತ್ತಿದ್ದ ಹೆಂಗಸು ಕೋಲು ಊರಿಕೊಂಡು ನಿಂತಳು. ಗುಂಪು ಸೇರಿದ್ದು ತಮ್ಮ ಪಾಠ ಕೇಳುವುದಕ್ಕೆ ಎಂದುಕೊಂಡ ಮಾವ ನ್ಯೂಟ್ರಲ್‌ಗೆ ತರುವುದರಿಂದ ಹಿಡಿದು ಎರಡು ಸೈಲೆನ್ಸರುಗಳ ಸದ್ದಿನವರೆಗೆ ಎಲ್ಲವನ್ನೂ ವಿವರಿಸಿದರು, ನಡುನಡುವೆ ಬರಿಗಾಲನ್ನು ಗಾಳಿಯಲ್ಲಿ ಒದ್ದು ತೋರಿಸಿದರು. ಎಲ್ಲ ಮುಗಿದ ಮೇಲೆ ಮ್ಯಾನೇಜರು ಮೆಲ್ಲಗೆ, "ಇದು ಸೆಲ್ಫ್ ಮಾತ್ರ ಸಾರ್" ಎಂದರು. ಮಾವ ಗಾಡಿಯ ಬಲಗಡೆಗೂ ಹೋಗಿ ಬಗ್ಗಿ ನೋಡಿದರು. ಆಮೇಲೆ ಚಪ್ಪಲಿ ಹುಡುಕಿಕೊಂಡು ಮೆಟ್ಟಿಕೊಂಡರು.

ಹೊರಗೆ ಬಂದ ಮೇಲೆ ಎಳನೀರು ಕುಡಿಯುವಾಗಲೂ ಅವರು ಮಾತಾಡಲಿಲ್ಲ. ಅವರದ್ದೂ ಒಂದು ಯೆಜ್ಡಿ ರೋಡ್‌ಕಿಂಗ್ ಇತ್ತು. ಮಗಳ ಮದುವೆಯ ಹೊತ್ತಿಗೆ ಮಾರಿದರು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಊರಿನ ಹಳೆಯ ಗಾಡಿಗಳೆಲ್ಲ ಸಾಲಾಗಿ ಹೊರಟಾಗ, ಮಾವ ರಸ್ತೆಬದಿಯಲ್ಲಿ ನಿಂತು ಪ್ರತಿಯೊಂದರ ಸದ್ದನ್ನೂ ಕೇಳಿ, ಯಾವುದರ ಟೈಮಿಂಗ್ ತಪ್ಪಿದೆಯೆಂದು ತಮ್ಮಷ್ಟಕ್ಕೇ ಹೇಳಿಕೊಳ್ಳುವುದನ್ನು ಕಂಡಿದ್ದೇನೆ. ಆ ಎಳನೀರಿನ ಹೊತ್ತಿನಲ್ಲಿ ಅವರ ಮೇಲಿದ್ದ ಸಿಟ್ಟು ನನಗೆ ಸ್ವಲ್ಪ ಇಳಿದಿತ್ತು. ಈಗ ಮತ್ತೆ ಏರಿದೆ.

ಕೊನೆಗೆ ನಾನು ಆರಿಸಿದ್ದು ಸ್ಪ್ಲೆಂಡರ್. 97 ಸಿಸಿ, 112 ಕೆಜಿ, 785 ಮಿಲಿಮೀಟರ್ ಸೀಟು. ಕ್ಲಾಸಿಕ್ಕಿಗಿಂತ ಒಂದು ಬೆರಳಗಲವಷ್ಟೇ ತಗ್ಗು, ಆದರೆ ಸೀಟು ಕಿರಿದಾದ್ದರಿಂದ ಕಾಲು ನೆಟ್ಟಗೆ ಇಳಿಯುತ್ತದೆ. 125 ಸಿಸಿಗಿಂತ ಮೇಲಿನವುಗಳಿಗೆ 2019ರ ಏಪ್ರಿಲ್‌ನಿಂದ ಕಡ್ಡಾಯವಾದ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇದರಲ್ಲಿಲ್ಲ ಎಂಬುದೊಂದು ಕೊರತೆ ಮನಸ್ಸಿನಲ್ಲಿ ಉಳಿಯಿತು. "ಹಾಲಿನ ಕ್ಯಾನ್ ತಗುಲಿ ಹಾಕೋ ಗಾಡಿ ಅಲ್ವಾ ಚಿಕ್ಕಮ್ಮ?" ಎಂದು ಅಕ್ಕನ ಮಗ ನಕ್ಕ. ಎರಡೂ ಬದಿಗೆ ನಲವತ್ತು ಲೀಟರಿನ ಕ್ಯಾನ್ ಕಟ್ಟಿಕೊಂಡು ಕೆಸರಿನ ಹಳ್ಳಿಯಿಂದ ಬೀಳದೆ ಬರುವ ಗಾಡಿ ನನ್ನೊಬ್ಬಳನ್ನು ಹೊರಲಾರದೆ ಹೋದೀತೇ? ಸೆಲ್ಫ್ ಜೊತೆಗೆ ಅದಕ್ಕೆ ಕಿಕ್ಕರೂ ಇತ್ತು. ಮಾವ ಏನೂ ಹೇಳದೆ ತಲೆಯಾಡಿಸಿದರು.

ಶನಿವಾರ ಪೂಜೆ ಮುಗಿದು, ಚಕ್ರದಡಿಗೆ ನಿಂಬೆಹಣ್ಣು ಇಟ್ಟು, ನಾನು ಹೆಲ್ಮೆಟ್ ಹಿಡಿದು ಕೈ ಚಾಚಿದೆ. ಹುಡುಗ "ಕಂಗ್ರಾಟ್ಸ್ ಅಂಕಲ್" ಎಂದು ಕೀಲಿಕೈಯನ್ನು ಮಾವನ ಕೈಗೆ ಕೊಟ್ಟ. ಫೋಟೋ ತೆಗೆದ. ಮಾವ ನನ್ನ ಕೈಯಿಂದ ಹೆಲ್ಮೆಟ್ ತೆಗೆದುಕೊಂಡು, "ಒಂದ್ ರೌಂಡ್ ನೋಡ್ಬುಟ್ಟು ಬತ್ತೀನಿ ಕಣವ್ವ" ಎಂದು ಎಡಗಡೆಯಿಂದ ಹತ್ತಿ, ಎಡಗಾಲಿನಲ್ಲಿ ಒಂದು ಕ್ಷಣ ಏನನ್ನೋ ಹುಡುಕಿ, ಆಮೇಲೆ ಬಲಗಡೆಯ ಕಿಕ್ಕರನ್ನು ಬಿಡಿಸಿ ಒಂದೇ ಏಟಿಗೆ ಹೊರಟೇಬಿಟ್ಟರು. ಶೋರೂಮಿನವರು ಕೊಸರಾಗಿ ಕೊಟ್ಟ ಮೈಸೂರು ಪಾಕಿನ ಡಬ್ಬಿ ಹಿಡಿದು ನಾನು ಸ್ಕೂಟರುಗಳಿದ್ದ ಕಡೆ ಕುರ್ಚಿ ಹಾಕಿಸಿಕೊಂಡು ನಲವತ್ತು ನಿಮಿಷ ಕುಳಿತೆ. ಆ ನಡುವೆ ಇಬ್ಬರು ಬಂದು ಸ್ಕೂಟರಿನ ಬೆಲೆ ಕೇಳಿದರು.

ಮಾವ ಯಾದವಗಿರಿಯ ಕಡೆಯಿಂದಲೇ ವಾಪಸ್ಸು ಬಂದರೆಂದು ಕೇಳದೆಯೇ ಗೊತ್ತಾಯಿತು. ಎಲ್ಲಿಗೆ ಹೋಗಿದ್ದಿರಿ ಎಂದದ್ದಕ್ಕೆ, "ಸುಮ್ನೆ ಹಂಗೇ" ಎಂದರು. ಹೆಲ್ಮೆಟ್ ತೆಗೆದು ಸೀಟಿನ ಮೇಲಿಟ್ಟು, ಜೇಬಿನಿಂದ ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ಇಂಜಿನ್ನಿಗೆ ಕಿವಿಗೊಟ್ಟು ಸ್ವಲ್ಪ ಹೊತ್ತು ನಿಂತರು.

"ಗಾಡಿ ಚೆನ್ನಾಗದೆ" ಎಂದರು. "ಸದ್ದೇ ಇಲ್ಲ, ಅದೊಂದೇ. ಸ್ಟಾರ್ಟ್ ಆಗದೋ ಇಲ್ವೋ ಅಂತ ಎರಡು ಸಲ ಇಳಿದು ನೋಡ್ದೆ."

ಕೀಲಿಕೈಯನ್ನು ಆ ಹುಡುಗನ ಕೈಗೆ ವಾಪಸ್ಸು ಕೊಟ್ಟರು.