ಸ್ಪಷ್ಟನೆ: ಡೊರೊಥಿ ಕೇರಿ ಹಠಮಾರಿಯಾಗಿರಲಿಲ್ಲ

ಇಂಗ್ಲೆಂಡಿನಿಂದ ಬಂಗಾಳಕ್ಕೆ ಬಂದ ಕ್ರೈಸ್ತ ಮಿಷನರಿ ವಿಲಿಯಂ ಕೇರಿಯವರ ಹೆಂಡತಿ ಡೊರೊಥಿ ಹಠಮಾರಿ, ಗಂಡನ ಮಿಷನರಿ ಕೆಲಸಕ್ಕೆ ಅಡ್ಡಿಯಾಗಿದ್ದರು ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

1793ರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಹೊರಡುವ ಮಾತು ಬಂದಾಗ ಅವರು ಮೊದಲು ಒಪ್ಪಲಿಲ್ಲ, ನಿಜ. ಆಗ ಅವರು ಬಸುರಿ. ತಿಂಗಳುಗಟ್ಟಲೆ ಹಡಗಿನ ಪ್ರಯಾಣ ಅಂದರೆ ಯಾರಿಗಾದರೂ ಭಯ ಆಗುತ್ತದೆ, ಅಲ್ವಾ? ಹೆರಿಗೆಯಾದ ಮೇಲೆ, ತಂಗಿಯೂ ಜೊತೆಗೆ ಬರುವುದಾದರೆ ಸರಿ ಎಂದರು. ಕೈಗೂಸನ್ನು ಎತ್ತಿಕೊಂಡು ಹೊರಟೇಬಿಟ್ಟರು.

ಮರುವರ್ಷ ಬಂಗಾಳದಲ್ಲಿ 5 ವರ್ಷದ ಮಗ ಪೀಟರ್ ತೀರಿಕೊಂಡ. ಆಮೇಲೆ ಅವರ ಮನಸ್ಸು ಕದಡಿಹೋಯಿತು. 1807ರಲ್ಲಿ ಬಂಗಾಳದ ಸೆರಾಂಪುರ ಊರಿನಲ್ಲಿ ಕಣ್ಣು ಮುಚ್ಚುವವರೆಗೂ ಸರಿಹೋಗಲಿಲ್ಲ. ಅದು ಕಾಯಿಲೆ. ಮಗುವನ್ನು ಕಳೆದುಕೊಂಡ ತಾಯಿಯ ಕಾಯಿಲೆಯನ್ನು ಹಠ ಅಂತ ಕರೆಯುವುದನ್ನು ಕೇಳಿದರೆ ನನಗೆ ತುಂಬಾ ಸಂಕಟವಾಗುತ್ತದೆ. ದಯವಿಟ್ಟು ಆ ಮಾತನ್ನು ಮುಂದಕ್ಕೆ ಹಂಚಬೇಡಿ.